ಓದುಗರ ಪ್ರಶ್ನೆ: ಡಬ್ಬದ ಮೇಲೆ 18, ಆಡುವವನಿಗೆ 14

ಪ್ರಶ್ನೆ: ಒಂಬತ್ತನೇ ತರಗತಿಯ ಮಗ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2’ ಎಂಬ ಯುದ್ಧದ ವಿಡಿಯೋ ಗೇಮ್ ಕೊಡಿಸಿ ಅಂತ ಹಟ ಹಿಡಿದಿದ್ದಾನೆ. ಅದರಲ್ಲಿ ವಿಮಾನ ನಿಲ್ದಾಣದಲ್ಲಿ ಅಮಾಯಕರನ್ನು ಕೊಲ್ಲುವ ದೃಶ್ಯ ಇದೆಯಂತೆ. ಅದೊಂದನ್ನು ಬಿಟ್ಟು ಆಡಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಯಾವ ಆಟ ಎಂದು ನೋಡಿಕೊಳ್ಳಿ. ಈ ಹೆಸರಿನವು ಎರಡಿವೆ, ಒಂದು 2009ರದು, ಇನ್ನೊಂದು 2022ರದು. ಕಥೆಗಳು ಬೇರೆ ಬೇರೆ. ನೀವು ಕೇಳಿದ ದೃಶ್ಯ ಇರುವುದು 2009ರ ಆಟದಲ್ಲಿ, ಮತ್ತು 2020ರಲ್ಲಿ ಅದನ್ನೇ ಹೊಸ ಗ್ರಾಫಿಕ್ಸ್ ಜೊತೆ ಬಿಟ್ಟ ಆವೃತ್ತಿಯಲ್ಲಿ. ಆ ಹಂತದ ಹೆಸರು ‘ನೋ ರಷ್ಯನ್’. ಆಟಗಾರ ಉಗ್ರರ ಗುಂಪಿನೊಳಗೆ ಸೇರಿಕೊಂಡ ಸಿಐಎ ಗೂಢಚಾರ. ಲಿಫ್ಟಿನಿಂದ ಇಳಿದ ಕೂಡಲೇ ಮಕರೋವ್ ಎಂಬ ಮುಖಂಡ ಮತ್ತವನ ಸಂಗಡಿಗರು ತಪಾಸಣೆಯ ಹತ್ತಿರ ನಿಂತ ಪ್ರಯಾಣಿಕರ ಮೇಲೆ ಗುಂಡಿನ ಮಳೆಗರೆಯುತ್ತಾರೆ. ಆಟಗಾರ ಪ್ರಯಾಣಿಕರ ಮೇಲೆ ಗುಂಡು ಹಾರಿಸಲೇಬೇಕೆಂದಿಲ್ಲ, ಸುಮ್ಮನೆ ಹಿಂದೆ ನಡೆಯಬಹುದು. ಆದರೆ ಹಂತದ ಉತ್ತರಾರ್ಧದಲ್ಲಿ ರಷ್ಯದ ಭದ್ರತಾ ಪಡೆಯವರ ಜೊತೆ ಕಾದಾಡದೆ ಮುಂದೆ ಹೋಗಲಾಗದು.

ಆ ಹಂತವನ್ನು ಬಿಟ್ಟು ಆಡಬಹುದು. ಕಥೆ ಶುರುವಾಗುವ ಮುನ್ನವೇ ‘ಒಂದು ಹಂತ ನಿಮ್ಮ ಮನಸ್ಸಿಗೆ ಘಾಸಿ ಮಾಡಬಹುದು, ದಾಟಿ ಹೋಗುವಿರಾ’ ಎಂಬರ್ಥದ ಸೂಚನೆ ಬರುತ್ತದೆ. ದಾಟಿದರೆ ನಷ್ಟವೇನಿಲ್ಲ. ಜಪಾನ್ ಮತ್ತು ಜರ್ಮನಿಯ ಆವೃತ್ತಿಗಳಲ್ಲಿ ಪ್ರಯಾಣಿಕರನ್ನು ಕೊಂದರೆ ಆಟ ಅಲ್ಲಿಗೇ ಮುಗಿಯುವಂತೆ ಮಾಡಿದ್ದರು. ರಷ್ಯದಲ್ಲಿ ಆ ಹಂತವನ್ನೇ ತೆಗೆದಿದ್ದರು. ಅಷ್ಟಾದರೂ ಹದಿನಾಲ್ಕರ ಹುಡುಗನಿಗೆ ಕಥಾಭಾಗ ಬೇಡವೆಂದೇ ನಮ್ಮ ಸಲಹೆ. 2019ರ ‘ಮಾಡರ್ನ್ ವಾರ್‌ಫೇರ್’ ಕೊಡಿಸೋಣ ಅಂದುಕೊಂಡರೆ ಅದೂ ಸೌಮ್ಯವಲ್ಲ. ಅದರಲ್ಲಿ ಸೆರೆಯಾಳಿನ ಮುಖಕ್ಕೆ ನೀರು ಸುರಿದು ಹಿಂಸಿಸುವ ಹಂತವಿದ್ದು, ಆ ಸೆರೆಯಾಳಿನ ಪಾತ್ರ ನಿಮ್ಮ ಮಗನದೇ.

ಪ್ರಶ್ನೆ: 16 ಮತ್ತು 18ರ ಗುರುತಿಗೆ ಏನು ವ್ಯತ್ಯಾಸ? ಎರಡರಲ್ಲೂ ಗುಂಡು ಹಾರಿಸುವುದೇ ತಾನೇ?
– ಓದುಗರೊಬ್ಬರು, ಮೈಸೂರು

ಉತ್ತರ: ಆಟಗಳಿಗೆ ವಯಸ್ಸಿನ ಗುರುತು ಕೊಡುವ ಯುರೋಪಿನ ಪೆಗಿ ಪದ್ಧತಿಯಲ್ಲಿ, ಹಿಂಸೆ ನಿಜಜೀವನದಂತೆ ಕಂಡರೆ 16. ಕ್ರೌರ್ಯ ವಿಪರೀತವಾದರೆ, ಕಾರಣವಿಲ್ಲದೆ ಕೊಂದರೆ, ಎದುರಿಸಲಾಗದವರ ಮೇಲೆ ಕೈಮಾಡಿದರೆ 18. ವಿಮಾನ ನಿಲ್ದಾಣದ ಹಂತಕ್ಕೆ ಈ ಮೂರನೆಯ ಮಾತು ನೇರ ಹೊಂದುತ್ತದೆ. ಅಮೆರಿಕದ ಪದ್ಧತಿಯಲ್ಲಿ ಈ ಆಟಕ್ಕೆ ‘ಎಂ’, ಅಂದರೆ 17 ಮತ್ತು ಮೇಲ್ಪಟ್ಟವರಿಗೆ. ಸಂಖ್ಯೆಯಷ್ಟೇ ಅಲ್ಲ, ಡಬ್ಬದ ಹಿಂಬದಿಯ ಚಿತ್ರಗಳನ್ನೂ ನೋಡಿ: ಮುಷ್ಟಿಯಿದ್ದರೆ ಹಿಂಸೆ, ಮಾತಿನ ಗುಳ್ಳೆಯಿದ್ದರೆ ಬೈಗುಳ.

ಪ್ರಶ್ನೆ: ಪ್ಲೇಸ್ಟೇಷನ್ 5 (ಪಿಎಸ್5) ಗೇಮ್ ಯಂತ್ರದಲ್ಲಿ ವಯಸ್ಸಿನ ಮಿತಿ ಹಾಕಿದ್ದೇನೆ. ಆದರೂ ಮಗ ಆಡುತ್ತಿದ್ದಾನೆ!
– ಓದುಗರೊಬ್ಬರು, ಉಡುಪಿ

ಉತ್ತರ: ಬಹುಶಃ ನಿಮ್ಮ ಖಾತೆಯಿಂದಲೇ ಆಡುತ್ತಿದ್ದಾನೆ. ಆ ಮಿತಿ ಯಂತ್ರಕ್ಕಲ್ಲ, ಮಗುವಿನ ಖಾತೆಗೆ. ಸೆಟ್ಟಿಂಗ್ಸ್‌ನಲ್ಲಿ ‘ಫ್ಯಾಮಿಲಿ ಅಂಡ್ ಪೇರೆಂಟಲ್ ಕಂಟ್ರೋಲ್ಸ್’, ಅದರೊಳಗೆ ‘ಫ್ಯಾಮಿಲಿ ಮ್ಯಾನೇಜ್‌ಮೆಂಟ್’ ತೆರೆದು ಮಗನ ಹೆಸರಿನ ಮಕ್ಕಳ ಖಾತೆ ಇದೆಯೇ ನೋಡಿ. ಹುಟ್ಟಿದ ದಿನಾಂಕ ನಿಜವಾದದ್ದೇ ಹಾಕಿ, ಆಮೇಲೆ ಬದಲಿಸುವುದು ಸುಲಭವಲ್ಲ. ನಿಮ್ಮ ಖಾತೆಗೆ ಲಾಗಿನ್ ಪಾಸ್‌ಕೋಡ್ ಕೊಡಿ. ಬಹಳ ಮಂದಿ ಮರೆಯುವುದು ಮುಂದಿನ ಕೆಲಸವನ್ನು: ‘ಕನ್ಸೋಲ್ ರೆಸ್ಟ್ರಿಕ್ಷನ್ಸ್’‌ನಲ್ಲಿ ಹೊಸ ಬಳಕೆದಾರರನ್ನು ಸೇರಿಸುವುದನ್ನೂ ಅತಿಥಿ ಲಾಗಿನ್ನನ್ನೂ ತಡೆಹಿಡಿಯಬೇಕು. ಇಲ್ಲದಿದ್ದರೆ ಎರಡು ನಿಮಿಷದಲ್ಲಿ ಹೊಸ ಹೆಸರಿನಲ್ಲಿ ಒಳಗೆ ಬರುತ್ತಾನೆ. ಆ ಪುಟದ ಪಾಸ್‌ಕೋಡ್ ಕಾರ್ಖಾನೆಯಿಂದ ಬರುವಾಗ 0000. ಇದನ್ನು ಬದಲಿಸದಿದ್ದರೆ ಬಾಗಿಲಿಗೆ ಬೀಗ ಹಾಕಿ ಬೀಗದಕೈಯನ್ನು ಅಲ್ಲೇ ನೇತುಹಾಕಿದಂತೆ.

ಒಂದೇ ಒಂದು ಆಟಕ್ಕೆ ವಿನಾಯಿತಿ ಕೊಡಬೇಕೆನಿಸಿದರೆ ಇಡೀ ಮಿತಿ ಸಡಿಲಿಸಬೇಡಿ. ಆ ಆಟವನ್ನು ಮಾತ್ರ ಒಪ್ಪುವ ಅವಕಾಶ ಮಕ್ಕಳ ಖಾತೆಯಲ್ಲೇ ಇದೆ.

ಪ್ರಶ್ನೆ: ರಕ್ತ ಕಾಣದಂತೆ ಮಾಡುವ ಸ್ವಿಚ್ ಇದೆಯಂತಲ್ಲ, ಅದು ಸಾಕಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇತ್ತೀಚಿನ ಕಾಲ್ ಆಫ್ ಡ್ಯೂಟಿ ಆಟಗಳಲ್ಲಿ ‘ಡಿಸ್‌ಮೆಂಬರ್‌ಮೆಂಟ್ ಅಂಡ್ ಗೋರ್ ಎಫೆಕ್ಟ್ಸ್’ ಎಂಬ ಆಯ್ಕೆಯಿದೆ. ಅದು ಇರುವ ಜಾಗ ಆಟದಿಂದ ಆಟಕ್ಕೆ ಬದಲಾಗುತ್ತದೆ, ಸ್ವಲ್ಪ ಹುಡುಕಬೇಕು. ಆಫ್ ಮಾಡಿದರೆ ಕೈಕಾಲು ತುಂಡಾಗಿ ಹಾರುವುದು ನಿಲ್ಲುತ್ತದೆ, ಕಥೆ ಮಾತ್ರ ಹಾಗೇ ಇರುತ್ತದೆ. ಆಟದಲ್ಲಿರುವ ಬೈಗುಳ ತಡೆಯುವ ಫಿಲ್ಟರ್ ಟೈಪ್ ಮಾಡಿದ ಮಾತಿಗೆ ಮಾತ್ರ. ಆನ್‌ಲೈನ್ ಪಂದ್ಯದಲ್ಲಿ ಹೆಡ್‌ಸೆಟ್ಟಿನಿಂದ ಕಿವಿಗೆ ಬೀಳುವ ಬೈಗುಳಕ್ಕೆ ವಯಸ್ಸಿನ ಗುರುತೂ ಇಲ್ಲ, ಏಕೆಂದರೆ ಗುರುತು ಕೊಡುವವರು ಅಪರಿಚಿತರ ಮಾತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಪ್ರಕಾರ ಈ ವಯಸ್ಸಿಗೆ ಹೆಚ್ಚು ಕೆಡುಕು ಅದರಿಂದಲೇ. 2023ರ ನವೆಂಬರ್‌ನಲ್ಲಿ ಈ ಆಟಗಳ ಪ್ರಕಾಶಕ ಆಕ್ಟಿವಿಷನ್ ಕಂಪನಿ ಧ್ವನಿ ಸಂಭಾಷಣೆಯ ಮೇಲಿನ ಯಂತ್ರದ ನಿಗಾವನ್ನು ಜಗತ್ತಿನ ಬೇರೆಡೆಗೆ ವಿಸ್ತರಿಸಿದಾಗ ಏಷ್ಯಾವನ್ನು ಹೊರಗಿಟ್ಟಿತ್ತು. ಹಾಗಾಗಿ ಕಂಪನಿಯನ್ನು ನಂಬಿ ಕೂರುವ ಬದಲು ಆಟದ ಆಡಿಯೋ ಸೆಟ್ಟಿಂಗ್‌ನಲ್ಲಿ ವಾಯ್ಸ್ ಚಾಟ್ ಆಫ್ ಮಾಡಿ. ಅದನ್ನು ಹುಡುಗ ಮತ್ತೆ ಆನ್ ಮಾಡಿಕೊಳ್ಳಬಲ್ಲ, ಆದ್ದರಿಂದ ಮಕ್ಕಳ ಖಾತೆಯಲ್ಲಿ ಸಂಭಾಷಣೆಯನ್ನೂ ನಿರ್ಬಂಧಿಸಿ.

ಪ್ರಶ್ನೆ: ಮೊಬೈಲಿನಲ್ಲಿ ಇಂಥ ಆಟಗಳನ್ನು ತಡೆಯುವುದು ಹೇಗೆ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಆಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಸ್ಟೋರ್ ಸೆಟ್ಟಿಂಗ್ಸ್, ಫ್ಯಾಮಿಲಿ, ಪೇರೆಂಟಲ್ ಕಂಟ್ರೋಲ್ಸ್ ತೆರೆಯಿರಿ. ಪಿನ್ ಕೊಟ್ಟು ಆ್ಯಪ್ಸ್ ಅಂಡ್ ಗೇಮ್ಸ್‌ಗೆ ವಯೋಮಿತಿ ಆರಿಸಿ. ಇದು ತಡೆಯುವುದು ಹೊಸ ಡೌನ್‌ಲೋಡನ್ನು ಮಾತ್ರ. ಈಗಾಗಲೇ ಫೋನಿನಲ್ಲಿರುವ ಆಟವನ್ನು ನೀವೇ ತೆಗೆಯಬೇಕು. ಗೆಳೆಯರು ಕಳಿಸಿದ ಎಪಿಕೆ (ಪ್ಲೇ ಸ್ಟೋರ್ ಇಲ್ಲದೆಯೇ ಆ್ಯಪ್ ಹಾಕಿಕೊಳ್ಳುವ) ಫೈಲಿಗೂ ಈ ತಡೆ ತಾಗದು. ಆದ್ದರಿಂದ ಬ್ರೌಸರ್, ವಾಟ್ಸ್‌ಆ್ಯಪ್ ಮತ್ತು ಫೈಲ್ಸ್ ಆ್ಯಪ್‌ಗಳಿಗೆ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಅನುಮತಿ ಇದ್ದರೆ ಒಂದೊಂದಾಗಿ ತೆಗೆಯಿರಿ.