ಮಾಯನ್ ಅವಶೇಷಗಳನ್ನು ಗೈಡ್ ಇರುವ ಕೋಚ್ ಟೂರಿನಲ್ಲಿ ನೋಡುವುದು ಒಳ್ಳೆಯದೇ? ವಯಸ್ಸಾದ ಅಪ್ಪ ಅಮ್ಮನಿಗೆ ಆಗುತ್ತದೆಯೇ?

ನಿಮ್ಮ ಅಪ್ಪ ಅಮ್ಮ ಇಬ್ಬರೂ ಅರವತ್ತೈದರ ಆಸುಪಾಸು, ಸಸ್ಯಾಹಾರಿಗಳು. ಮೆಕ್ಸಿಕೋದ ಕಡಲತೀರದ ಊರು ಕ್ಯಾಂಕೂನ್‌ನಲ್ಲಿ ಉಳಿದು ಒಂದು ದಿನ ಮಾಯಾ ಜನರ ಹಳೆಯ ಪಟ್ಟಣ ಚಿಚೆನ್ ಇಟ್ಸಾ ನೋಡಿಕೊಂಡು ಬಂದರೆ ಸಾಕೋ, ಇಲ್ಲ ಹತ್ತು ದಿನದ ಕೋಚ್ ಟೂರ್ ಹಿಡಿಯಬೇಕೋ ಅಂತ ಕೇಳಿದ್ದೀರಿ. ನಾನಿರುವುದು ಡಲ್ಲಾಸ್‌ನಲ್ಲಿ. ಎರಡು ವರ್ಷದ ಹಿಂದೆ ಪುತ್ತೂರಿನಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು ಫೆಬ್ರುವರಿಯಲ್ಲಿ ಇಂಥದ್ದೇ ಟೂರಿಗೆ ಹೋಗಿದ್ದೆ. ಆಗ ಅಮ್ಮನಿಗೆ 66, ಒಂದು ಮಂಡಿ ನೋವು ಬೇರೆ. ಹಾಗಾಗಿ ನಿಮ್ಮ ಆತಂಕ ನನಗೆ ಗೊತ್ತು.

ನನ್ನ ಉತ್ತರ: ಹೋಗಿ, ಕೋಚ್ ಟೂರಿನಲ್ಲೇ ಹೋಗಿ. ಆದರೆ ಟೂರ್ ಆರಿಸುವಾಗ ಎಷ್ಟು ಜಾಗ ತೋರಿಸುತ್ತಾರೆ ಅಂತ ಎಣಿಸಬೇಡಿ. ರಾತ್ರಿ ಎಲ್ಲಿ ಉಳಿಸುತ್ತಾರೆ, ಮೊದಲ ದಿನದಿಂದ ಕೊನೆಯ ದಿನದವರೆಗೂ ಒಬ್ಬರೇ ಗೈಡ್ ಜೊತೆಗಿರುತ್ತಾರೆಯೇ, ಈ ಎರಡನ್ನೇ ನೋಡಿ. ಉಳಿದದ್ದೆಲ್ಲ ಆಮೇಲೆ.

ರಾತ್ರಿಯ ವಿಷಯ ಯಾಕೆ ಅಂದರೆ, ಕ್ಯಾಂಕೂನ್‌ನಿಂದ ಚಿಚೆನ್ ಇಟ್ಸಾಕ್ಕೆ ಸುಮಾರು 200 ಕಿಲೋಮೀಟರ್. ಒಂದು ದಿನದ ಟೂರಿನ ಬಸ್ಸುಗಳು ಹೋಟೆಲ್‌ನಿಂದ ಹೋಟೆಲ್‌ಗೆ ಜನರನ್ನು ಹತ್ತಿಸಿಕೊಂಡು ಅಲ್ಲಿ ಮುಟ್ಟುವಾಗ ಹನ್ನೊಂದು, ಹನ್ನೆರಡು ಗಂಟೆ. ಬಿಸಿಲು ನೆತ್ತಿಗೆ ಬಂದಿರುತ್ತದೆ, ಪಿರಮಿಡ್ಡಿನ ಮುಂದಿನ ಬಯಲಿನಲ್ಲಿ ನೆರಳೇ ಇಲ್ಲ, ಜಾತ್ರೆಯಷ್ಟು ಜನ. ನಮ್ಮ ಟೂರು ಹಿಂದಿನ ರಾತ್ರಿ ವಯಾದೊಲಿದ್ ಎಂಬ ಸಣ್ಣ ಪಟ್ಟಣದಲ್ಲಿ ಉಳಿಸಿತ್ತು. ಅಲ್ಲಿಂದ ಮುಕ್ಕಾಲು ಗಂಟೆಯ ದಾರಿ. ಬೆಳಿಗ್ಗೆ ಎಂಟಕ್ಕೆ ಗೇಟು ತೆರೆಯುವಾಗ ನಾವು ಸಾಲಿನಲ್ಲಿದ್ದೆವು. ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ: ಕ್ಯಾಂಕೂನ್ ಇರುವ ಕಿಂತಾನಾ ರೋ ರಾಜ್ಯದ ಗಡಿಯಾರ ಚಿಚೆನ್ ಇಟ್ಸಾ ಇರುವ ಯುಕಟಾನ್ ರಾಜ್ಯಕ್ಕಿಂತ ಒಂದು ಗಂಟೆ ಮುಂದೆ. ಹೋಗುವಾಗ ಒಂದು ಗಂಟೆ ಸಿಗುತ್ತದೆ, ವಾಪಸ್ ವಿಮಾನ ಹಿಡಿಯಲು ಬರುವಾಗ ಅದೇ ಒಂದು ಗಂಟೆ ಕೈಬಿಟ್ಟು ಹೋಗುತ್ತದೆ.

ಗೇಟು ತೆರೆದ ಮೇಲಿನ ಆ ಮೊದಲ ಒಂದು ಗಂಟೆ ಇಡೀ ಪ್ರವಾಸದಲ್ಲಿ ನನಗೆ ತುಂಬ ಪ್ರಿಯವಾದದ್ದು. ವ್ಯಾಪಾರಿಗಳು ಇನ್ನೂ ಗೋಣಿ ಬಿಚ್ಚುತ್ತಿದ್ದರು. ಎಲ್ ಕಾಸ್ತಿಯೋ ಪಿರಮಿಡ್ಡಿನ ಮುಂದೆ ಗೈಡ್ ನಿಂತು ಒಂದೇ ಒಂದು ಚಪ್ಪಾಳೆ ಹೊಡೆದರು. ಮೆಟ್ಟಿಲುಗಳಿಗೆ ಬಡಿದು ತಿರುಗಿ ಬಂದದ್ದು ಚಪ್ಪಾಳೆಯ ಸದ್ದಲ್ಲ, ಹಕ್ಕಿಯೊಂದು ಎಳೆದು ಕೂಗಿದ ಹಾಗೆ. ಕೆತ್ಸಾಲ್ ಹಕ್ಕಿಯ ದನಿ ಅನ್ನುತ್ತಾರೆ. ನಾಲ್ಕು ಬದಿಗೂ 91 ಮೆಟ್ಟಿಲು, ಮೇಲಿನ ಜಗಲಿಗೆ ಒಂದು, ಕೂಡಿದರೆ 365. ಅಮ್ಮ ಪುತ್ತೂರಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತಿಯಾದವಳು. ಗೈಡ್ ಹೇಳುವ ಮೊದಲೇ ನಾಲ್ಕರಿಂದ ಗುಣಿಸಿಬಿಟ್ಟಳು. ಆ ಪಿರಮಿಡ್ ಹತ್ತಲು ಈಗ ಯಾರಿಗೂ ಬಿಡುವುದಿಲ್ಲ. ಹಾಗಾಗಿ ನಿಮ್ಮ ಅಪ್ಪ ಅಮ್ಮನಿಗೆ ಹತ್ತಲಾಗಲಿಲ್ಲ ಎಂಬ ಬೇಸರಕ್ಕೆ ಎಡೆಯೇ ಇಲ್ಲ.

ಇನ್ನು ಗೈಡ್ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಯಾಕೆಂದರೆ ದುಡ್ಡಿಗೆ ಸಾರ್ಥಕ ಆಗುತ್ತಾ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ. ಯುಕಟಾನ್‌ನಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ಎರಡು ಬದಿಗೂ ಒಂದೇ ಎತ್ತರದ ಕುರುಚಲು ಕಾಡು. ಗಂಟೆಗಟ್ಟಲೆ ಅದೇ. ಗುಡ್ಡವಿಲ್ಲ, ಹೊಳೆಯಿಲ್ಲ. ನಮ್ಮ ಊರಿನಲ್ಲಿ ಎರಡು ಮೈಲಿಗೊಂದು ತೋಡು ದಾಟಿ ಅಭ್ಯಾಸವಾದ ಅಮ್ಮ ಎರಡನೇ ದಿನ ಕೇಳಿದಳು, "ಇಷ್ಟು ಹೊತ್ತಾಯಿತು, ಒಂದು ಸೇತುವೆಯೂ ಬರಲಿಲ್ಲವಲ್ಲ?" ನಾನು ಅದನ್ನು ಗೈಡ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ವಯಾದೊಲಿದ್ ಹತ್ತಿರದ ಹಳ್ಳಿಯವರು ಅವರು, ಮನೆಮಾತು ಮಾಯಾ. ಮೈಕ್ ತೆಗೆದುಕೊಂಡು ಇಡೀ ಬಸ್ಸಿಗೆ ಹೇಳಿದರು: ಈ ಅಮ್ಮ ಕೇಳಿದ್ದೇ ನಮ್ಮ ನಾಡಿನ ಇಡೀ ಕಥೆ ಅಂತ.

ಯುಕಟಾನ್ ಪರ್ಯಾಯ ದ್ವೀಪವೇ ಸುಣ್ಣದ ಕಲ್ಲಿನ ಹಾಸು. ಬಿದ್ದ ಮಳೆ ಕಲ್ಲಿನೊಳಗೆ ಇಳಿದು ನೆಲದಡಿಯಲ್ಲೇ ಹರಿಯುತ್ತದೆ. ಕಲ್ಲಿನ ಚಾವಣಿ ಕುಸಿದಲ್ಲಿ ಆ ನೀರು ಕಾಣುತ್ತದೆ, ಅದೇ ಸೆನೋಟೆ. ಮಾಯಾ ಮಾತಿನ ತ್ಸೊನೋತ್ ಎಂಬುದನ್ನು ಸ್ಪ್ಯಾನಿಷರು ಹಾಗೆ ತಿರುಗಿಸಿದರು. ಊರುಗಳು ಬೆಳೆದದ್ದು ಈ ನೀರಿನ ಬಾಯಿಗಳ ಹತ್ತಿರ. ಚಿಚೆನ್ ಅಂದರೇ ಬಾವಿಯ ಬಾಯಿ. ಆ ಕಲ್ಲನ್ನೇ ಸುಟ್ಟು ಸುಣ್ಣ ಮಾಡಿ ಗುಡಿಗಳಿಗೆ ಗಾರೆ ಬಳಿದರು. ಅದೇ ಸುಣ್ಣದ ಕಲ್ಲಿನ ಬಿಳಿ ಪುಡಿಯನ್ನು ಹಾಸಿ ಊರಿಂದ ಊರಿಗೆ ನೆಟ್ಟಗೆ ರಸ್ತೆ ಮಾಡಿದರು. ಅವುಗಳ ಹೆಸರು ಸಕ್‌ಬೆ, ಬಿಳಿ ದಾರಿ. ಕೋಬಾದಿಂದ ಯಶುನಾ ತನಕ ಅಂಥದ್ದೊಂದು ದಾರಿ ಸುಮಾರು 100 ಕಿಲೋಮೀಟರ್ ಇದೆ, ಅದೂ ಗಾಡಿಯಿಲ್ಲದೆ, ಎತ್ತು ಕುದುರೆ ಇಲ್ಲದೆ, ಬರೀ ತಲೆಹೊರೆಯಲ್ಲಿ. ಬಿಶ್ ಆ ಬೇಲ್ ಅಂತ ಮಾಯಾ ಮಾತಿನವರು ಯೋಗಕ್ಷೇಮ ಕೇಳುತ್ತಾರೆ; ಅದರ ನೇರ ಅರ್ಥ "ನಿಮ್ಮ ದಾರಿ ಹೇಗಿದೆ?" ಇದನ್ನು ಕೇಳಿದ ಮೇಲೆ ಆ ಕುರುಚಲು ಕಾಡು ನಮಗೆ ಬೇಸರ ತರಿಸಲಿಲ್ಲ. ಪ್ರತಿ ಊರಿಗೂ ಬೇರೆ ಬೇರೆ ಗೈಡ್ ಕೊಡುವ ಟೂರಿನಲ್ಲಿ ಪ್ರತಿಯೊಬ್ಬರೂ ಅದೇ ಪಿರಮಿಡ್ಡಿನ ಎತ್ತರ, ಅದೇ ಇಸವಿ ಹೇಳುತ್ತಾರೆ. ಮೊದಲ ದಿನದ ಪ್ರಶ್ನೆಗೆ ಐದನೇ ದಿನ ಉತ್ತರ ಸಿಗುವುದು ಜೊತೆಗೇ ಬರುವವರಿಂದ ಮಾತ್ರ.

ಊಟದ ವಿಷಯ ಕೇಳಿದ್ದೀರಲ್ಲ, ಅದೂ ಇದೇ ಸುಣ್ಣಕ್ಕೇ ಬರುತ್ತದೆ. ಮೆರಿಡಾ ಪಟ್ಟಣದಿಂದ ಉಶ್ಮಾಲ್ ಎಂಬ ಇನ್ನೊಂದು ಹಳೆಯ ಮಾಯಾ ಊರಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿಮನೆಯಲ್ಲಿ ನಮಗೆ ಮಧ್ಯಾಹ್ನದ ಊಟ. ಹಿತ್ತಲಿನಲ್ಲಿ ಮೂರು ಕಲ್ಲಿನ ಒಲೆ, ಮೇಲೆ ಕಾವಲಿ, ಒಬ್ಬ ಹೆಂಗಸು ಕೈಯಲ್ಲೇ ತಟ್ಟಿ ತೋರ್ತಿಯಾ ಎಂಬ ರೊಟ್ಟಿ ಬೇಯಿಸುತ್ತಿದ್ದರು. ಪಕ್ಕದಲ್ಲಿ ಒಂದು ಬಕೆಟ್ಟು, ಅದರಲ್ಲಿ ಮೆಕ್ಕೆಜೋಳ ನೆನೆ ಹಾಕಿದ್ದರು, ನೀರು ಹಳದಿಗೆ ತಿರುಗಿತ್ತು. ಅಮ್ಮ ಬಗ್ಗಿ ಬೆರಳದ್ದಿ ಹೆಬ್ಬೆರಳಿಗೆ ಉಜ್ಜಿ ನೋಡಿದಳು. "ಇದು ಸುಣ್ಣ" ಅಂದಳು. ಚೀಲದಿಂದ ಎಲೆಯಡಿಕೆಯ ಸುಣ್ಣದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಆಕೆಯ ಮುಂದೆ ಹಿಡಿದಳು. ಆಕೆ ಮೂಸಿ, ಉಗುರಿನಲ್ಲಿ ಚೂರು ತೆಗೆದು ನೋಡಿ, ನಕ್ಕು, ಕಾವಲಿಯಿಂದ ಆಗಷ್ಟೇ ಇಳಿಸಿದ ತೋರ್ತಿಯಾ ಒಂದನ್ನು ಅಮ್ಮನ ಕೈಗಿಟ್ಟರು. ಇಬ್ಬರಿಗೂ ಒಂದೇ ಒಂದು ಸಾಮಾನ್ಯ ಪದವಿರಲಿಲ್ಲ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿದರೆ ಸಿಪ್ಪೆ ಕಳಚುತ್ತದೆ, ಹಿಟ್ಟು ಹದವಾಗಿ ಸೇರುತ್ತದೆ, ಜೊತೆಗೆ ಅದರೊಳಗಿನ ನಯಾಸಿನ್ ಎಂಬ ವಿಟಮಿನ್ ಮೈಗೆ ಹತ್ತುವಂತಾಗುತ್ತದೆ. ಯುರೋಪಿನವರು ಮೆಕ್ಕೆಜೋಳವನ್ನು ಒಯ್ದರು, ಈ ಸುಣ್ಣದ ಕ್ರಮವನ್ನು ಒಯ್ಯಲಿಲ್ಲ. ಬರೀ ಅದನ್ನೇ ತಿಂದು ಬದುಕಿದ ಅಲ್ಲಿನ ಬಡವರಿಗೆ ಆ ವಿಟಮಿನ್ ಸಾಲದೆ ಪೆಲಾಗ್ರಾ ರೋಗ ಹತ್ತಿತು.

ಸಸ್ಯಾಹಾರಿಗಳು ಎಚ್ಚರ ವಹಿಸಬೇಕಾದದ್ದು ಕಣ್ಣಿಗೆ ಕಾಣುವ ಮಾಂಸದ ಬಗ್ಗೆ ಅಲ್ಲ. ಬೇಯಿಸಿದ ಕಪ್ಪು ಕಾಳಿಗೆ ಹಂದಿಯ ಕೊಬ್ಬು ಹಾಕಿರುತ್ತಾರೆ, ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸಿರುತ್ತಾರೆ. "ಸಿನ್ ಕಾರ್ನೆ, ಸಿನ್ ಮಾಂತೆಕಾ, ಸಿನ್ ಕಾಲ್ದೋ ದೆ ಪೊಯೋ" (ಮಾಂಸ, ಹಂದಿ ಕೊಬ್ಬು, ಕೋಳಿ ಸಾರು ಬೇಡ) ಎಂದು ಸ್ಪ್ಯಾನಿಷಿನಲ್ಲಿ ಚೀಟಿ ಬರೆಸಿ ಅಪ್ಪ ಅಮ್ಮ ಇಬ್ಬರ ಕೈಯಲ್ಲೂ ಇಡಿ. ಸಿಕಿಲ್ ಪಾಕ್ ಕೇಳಿ ಹಾಕಿಸಿಕೊಳ್ಳಿ: ಹುರಿದ ಕುಂಬಳ ಬೀಜ, ಟೊಮೆಟೊ ಅರೆದ ಚಟ್ನಿ. ಅಮ್ಮ ಹತ್ತು ದಿನ ಬಹುಪಾಲು ಅದರಲ್ಲೇ ಕಳೆದಳು. ಹಬನೇರೋ ಮೆಣಸಿನ ಬಟ್ಟಲಿಗೆ ಮಾತ್ರ ಚಮಚದ ತುದಿ ಮುಟ್ಟಿಸಿದರೆ ಸಾಕು.

ಉಶ್ಮಾಲ್‌ನಲ್ಲಿ ನಮಗೆ ಅನ್ಯಾಯವಾಯಿತು, ಅದನ್ನೂ ಹೇಳಿಬಿಡುತ್ತೇನೆ. ಬೆಳಿಗ್ಗೆ ಟೂರಿನವರು ಕರಕುಶಲ ವಸ್ತುಗಳ ದೊಡ್ಡ ಅಂಗಡಿಯೊಂದರಲ್ಲಿ ಬಸ್ಸು ನಿಲ್ಲಿಸಿ ಒಂದೂವರೆ ಗಂಟೆ ಕೂರಿಸಿದರು. ಅದು ದಿನಚರಿಯ ಹಾಳೆಯಲ್ಲಿ ಇರಲೇ ಇಲ್ಲ. ಅದರ ಪೆಟ್ಟು ಬಿದ್ದದ್ದು ಉಶ್ಮಾಲ್ ಮೇಲೆ. ಮೂರು ಗಂಟೆ ಬೇಕಾದ ಜಾಗವನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಗಂಟೆಯಲ್ಲಿ ಮುಗಿಸಿದೆವು. ನನ್ನ ಮಟ್ಟಿಗೆ ಚಿಚೆನ್ ಇಟ್ಸಾಕ್ಕಿಂತ ಚೆಂದದ ಊರು ಅದು. ಸುತ್ತಮುತ್ತ ಸೆನೋಟೆಗಳಿಲ್ಲ, ಬಂದ ಮಳೆಯನ್ನೇ ನೆಲದಡಿಯ ತೊಟ್ಟಿಗಳಲ್ಲಿ ಹಿಡಿದಿಟ್ಟು ಬದುಕಿದರು. ಗೋಡೆಯ ಮೇಲೆಲ್ಲ ಸಾಲುಸಾಲಾಗಿ ಮಳೆದೇವರು ಚಾಕ್‌ನ ಮುಖ, ಸೊಂಡಿಲಿನಂತೆ ಬಾಗಿದ ಮೂಗು. ಹಾಗಾಗಿ ಬುಕ್ ಮಾಡುವ ಮೊದಲು "ಯಾವ ಯಾವ ಅಂಗಡಿಯಲ್ಲಿ ನಿಲ್ಲಿಸುತ್ತೀರಿ, ಎಷ್ಟು ಹೊತ್ತು" ಅಂತ ಇಮೇಲಿನಲ್ಲೇ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ.

ಕಾಂಪೆಚೆ ಪಟ್ಟಣದಿಂದ ಪಲೆಂಕೆ ಎಂಬ ಹಳೆಯ ಮಾಯಾ ಊರಿಗೆ ಐದು ಗಂಟೆಗೂ ಮಿಕ್ಕಿದ ಪ್ರಯಾಣ. ಹಿರಿಯರಿಗೆ ಇದೇ ಭಾರವಾದ ದಿನ. ಕೋಚಿನ ಎಸಿ ವಿಪರೀತ ಕೊರೆಯುತ್ತದೆ, ಹೊರಗೆ 32 ಡಿಗ್ರಿ ಇದ್ದರೂ ಒಳಗೆ ಶಾಲು ಬೇಕು. ಆ ದಿನ ಗೈಡ್ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು ಮಾಯಾ ಲಿಪಿಯ ಮೂರು ಚಿಹ್ನೆ ಬರೆಸಿದರು. ಪ, ಕ, ಲ. ಒಂದೊಂದು ಚಿಹ್ನೆಗೆ ವ್ಯಂಜನವೂ ಸ್ವರವೂ ಸೇರಿದ ಒಂದು ಉಚ್ಚಾರ, ಕೊನೆಯದರ ಸ್ವರ ಬಿಟ್ಟು ಓದಬೇಕು. ಪಲೆಂಕೆಯ ರಾಜ ಪಕಲ್. ಆ ಮಾತಿಗೆ ಗುರಾಣಿ ಎಂದು ಅರ್ಥ, ಹಾಗಾಗಿ ಕೆಲವೆಡೆ ಗುರಾಣಿಯ ಚಿತ್ರ ಬರೆದೇ ಅವನ ಹೆಸರು ಮುಗಿಸುತ್ತಿದ್ದರು, ಕೆಲವೆಡೆ ಹೀಗೆ ಮೂರಕ್ಷರ. ಬಸ್ಸಿನಲ್ಲಿದ್ದ ಬೇರೆಯವರು ಒಂದು ಚಿಹ್ನೆಗೆ ಎರಡು ದನಿ ಹೇಗೆ ಅಂತ ಕೇಳುತ್ತಿದ್ದರು. ಅಮ್ಮ ಅಷ್ಟರಲ್ಲಿ ಹಾಳೆಯ ಕೆಳಗೆ ಕನ್ನಡದಲ್ಲಿ ಪ ಕ ಲ ಬರೆದು, ಕೊನೆಯ ಲ ಅನ್ನು ಲ್ ಮಾಡಿ, ಗೈಡ್‌ಗೆ ತೋರಿಸಿ ಆಗಿತ್ತು.

ಪಕಲ್ ಪಟ್ಟಕ್ಕೆ ಬಂದದ್ದು 615ರಲ್ಲಿ, ಹನ್ನೆರಡು ವರ್ಷದ ಹುಡುಗನಾಗಿ, 683ರವರೆಗೆ ಆಳಿದ. "ಆಗ ಬಾದಾಮಿಯಲ್ಲಿ ಇಮ್ಮಡಿ ಪುಲಕೇಶಿ" ಅಂದಳು ಅಮ್ಮ. ನನಗೆ ಆ ಹೊತ್ತಿನವರೆಗೂ ಪಕಲ್ ಕಾಲವೇ ಇಲ್ಲದ ಯಾವುದೋ ಪುರಾಣದವನು. ಆ ಒಂದು ಮಾತಿನಿಂದ ಅವನು ಇತಿಹಾಸಕ್ಕೆ ಬಂದು ಕೂತ. ಅವನ ಸಮಾಧಿ ಇರುವುದು ಶಾಸನಗಳ ಗುಡಿಯ ಕೆಳಗೆ. ಪುರಾತತ್ವಜ್ಞ ಆಲ್ಬೆರ್ತೋ ರುಸ್ 1949ರಲ್ಲಿ ಗುಡಿಯ ನೆಲಹಾಸಿನ ಚಪ್ಪಡಿಯೊಂದರಲ್ಲಿ ತೂತುಗಳಿರುವುದನ್ನು ಗಮನಿಸಿ, ಎಬ್ಬಿಸಿದರೆ ಕೆಳಗೆ ಕಲ್ಲುಮಣ್ಣು ತುಂಬಿದ ಮೆಟ್ಟಿಲು. ಅದನ್ನು ತೆಗೆದು ತಳ ಮುಟ್ಟಲು 1952 ಆಯಿತು. ಅದೇ 1952ರಲ್ಲಿ ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಜೊವ್, ಮಾಯಾ ನಾಡಿಗೆ ಕಾಲೇ ಇಡದೆ, ಈ ಲಿಪಿಯಲ್ಲಿ ಉಚ್ಚಾರದ ಚಿಹ್ನೆಗಳಿವೆ ಎಂದು ತೋರಿಸಿಕೊಟ್ಟರು. ಅವರಿಗೆ ಆಧಾರವಾದದ್ದು ದಿಯೆಗೋ ದೆ ಲಾಂದಾ ಎಂಬ ಪಾದ್ರಿ ಈ ಲಿಪಿಯ ಬಗ್ಗೆ ಬರೆದಿಟ್ಟ ಟಿಪ್ಪಣಿ. 1562ರಲ್ಲಿ ಮಾನೀ ಎಂಬಲ್ಲಿ ಮಾಯಾ ಪುಸ್ತಕಗಳನ್ನು ರಾಶಿ ಹಾಕಿ ಸುಡಿಸಿದವನೂ ಇದೇ ಲಾಂದಾ. ಮರದ ತೊಗಟೆಯ ಹಾಳೆಗೆ ಸುಣ್ಣ ಬಳಿದು ಬರೆದ ಪುಸ್ತಕಗಳು ಅವು. ಇಂದು ಇಡೀ ಲೋಕದಲ್ಲಿ ಉಳಿದಿರುವುದು ನಾಲ್ಕು. ಗೈಡ್ ಇದನ್ನು ಹೇಳುವಾಗ ಮೈಕ್ ಕೆಳಗಿಟ್ಟು ಬರೀ ಬಾಯಲ್ಲಿ ಹೇಳಿದರು. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.

ಹತ್ತು ದಿನದ ಟೂರಿನಲ್ಲಿ ಪಲೆಂಕೆ ಆದ ಮೇಲೆ ಬರುವ ಮಾಯಾ ಊರು ತಿಕಾಲ್ ಇರುವುದು ಪಕ್ಕದ ದೇಶ ಗ್ವಾಟೆಮಾಲಾದಲ್ಲಿ. ಗಡಿಯಲ್ಲಿ ಉಸುಮಸಿಂತಾ ನದಿಯನ್ನು ಉದ್ದನೆಯ ದೋಣಿಯಲ್ಲಿ ದಾಟಿ ಆಚೆ ಬೇರೆ ಬಸ್ಸು ಹತ್ತಬೇಕು, ದೋಣಿಗೆ ಇಳಿಯುವ ದಂಡೆ ಜಾರುತ್ತದೆ, ಅಪ್ಪನ ಕೈ ಹಿಡಿದುಕೊಳ್ಳಿ. ತಿಕಾಲ್‌ನ ನಾಲ್ಕನೇ ಗುಡಿ ಸುಮಾರು 65 ಮೀಟರ್ ಎತ್ತರ, ಪಕ್ಕದಲ್ಲಿ ಮರದ ಮೆಟ್ಟಿಲು ಕಟ್ಟಿದ್ದಾರೆ. ಅಮ್ಮ ಐದಾರು ಕಡೆ ನಿಂತು ಹತ್ತಿದಳು. ಅಲ್ಲಿನ ಗುಡಿಬಾಗಿಲ ಮೇಲಿನ ಅಡ್ಡತೊಲೆಗಳು ಸಪೋಟ ಮರದವು, ಸಾವಿರದ ಇನ್ನೂರು ವರ್ಷ ಆ ಮಳೆಕಾಡಿನಲ್ಲಿ ತಡೆದು ನಿಂತಿವೆ. ನಮ್ಮ ತೋಟದ ಚಿಕ್ಕು ಆ ನಾಡಿನದು, ಅದರ ಹೆಸರೂ ಅಲ್ಲಿಂದಲೇ ಬಂದದ್ದು. ಅಪ್ಪ ಅಮ್ಮನಿಗೆ ಹತ್ತು ದಿನ ಹೆಚ್ಚು ಅನ್ನಿಸಿದರೆ ತಿಕಾಲ್ ಬಿಟ್ಟು ಪಲೆಂಕೆಗೆ ಮುಗಿಸುವ ಏಳು ದಿನದ ಟೂರ್ ಹಿಡಿಯಿರಿ, ಆದರೆ ಪಲೆಂಕೆಯನ್ನು ಮಾತ್ರ ಬಿಡಬೇಡಿ.

ವೀಸಾ: ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದದ್ದರಿಂದ ಅಮ್ಮನಿಗೆ ಮೆಕ್ಸಿಕೋಗೆ ಬೇರೆ ಬೇಕಾಗಲಿಲ್ಲ. ನಿಯಮ ಬದಲಾಗುತ್ತಿರುತ್ತದೆ, ಮೆಕ್ಸಿಕೋ, ಗ್ವಾಟೆಮಾಲಾ ಎರಡೂ ದೇಶಗಳ ರಾಯಭಾರ ಕಚೇರಿಯಲ್ಲೇ ವಿಚಾರಿಸಿ, ಟೂರಿನವರ ಮಾತಿನ ಮೇಲೆ ಹೋಗಬೇಡಿ. ತಿಂಗಳು: ಡಿಸೆಂಬರಿನಿಂದ ಫೆಬ್ರುವರಿ. ಏಪ್ರಿಲ್, ಮೇ ತಿಂಗಳಲ್ಲಿ ಸೆಕೆ ತಡೆಯಲಾಗದು. ಸೆಪ್ಟೆಂಬರ್, ಅಕ್ಟೋಬರ್ ಚಂಡಮಾರುತದ ಕಾಲ. ಸೆನೋಟೆಯಲ್ಲಿ ಇಳಿಯುವುದಾದರೆ ಆ ದಿನ ಸನ್‌ಸ್ಕ್ರೀನ್ ಹಚ್ಚಬೇಡಿ, ನೀರು ಕೆಡುತ್ತದೆ ಅಂತ ತೊಳೆಸಿಯೇ ಬಿಡುತ್ತಾರೆ. ಮಂಡಿ ನೋವಿನವರು ದಂಡೆಯಲ್ಲಿ ಕೂತು ಕಾಲು ಇಳಿಬಿಟ್ಟರೂ ಚೆನ್ನಾಗಿರುತ್ತದೆ. ಅಮ್ಮ ಹಾಗೇ ಅರ್ಧ ಗಂಟೆ ಕೂತಿದ್ದಳು.

ನೀವು ನೋಡಿಟ್ಟಿರುವ ಟೂರಿನ ದಿನಚರಿ ಇದ್ದರೆ ಕೆಳಗೆ ಹಾಕಿ. ಯಾವ ರಾತ್ರಿ ಎಲ್ಲಿ, ಯಾವ ದಿನ ಅಪ್ಪ ಅಮ್ಮನಿಗೆ ಭಾರವಾದೀತು ಅಂತ ನೋಡಿ ಹೇಳುತ್ತೇನೆ.