ಚೀನಾದವರು ಮನೆಯಲ್ಲಿ ದಿನಾ ಮಾಡುವ, ನಮಗೂ ಸುಲಭವಾದ ಅಡುಗೆ ಯಾವುದು?

ಗೋಬಿ ಮಂಚೂರಿಯಂತೂ ಅಲ್ಲ, ಅದು ಭಾರತದಲ್ಲೇ ಹುಟ್ಟಿದ್ದು. ಚೀನಾದ ಮನೆಗಳಲ್ಲಿ ತೀರಾ ಸಾಮಾನ್ಯವಾದದ್ದು ಟೊಮ್ಯಾಟೊ ಹಾಕಿದ ಮೊಟ್ಟೆ ಪಲ್ಯ. ಅಲ್ಲಿ ಎಷ್ಟೋ ಜನ ಮೊದಲು ಕಲಿಯುವ ಅಡುಗೆಯೂ ಇದೇ.

ಇಬ್ಬರಿಗೆ 4 ಮೊಟ್ಟೆ, 3 ಚೆನ್ನಾಗಿ ಹಣ್ಣಾದ ಟೊಮ್ಯಾಟೊ ಸಾಕು. ಮೊಟ್ಟೆಗೆ ಉಪ್ಪು ಹಾಕಿ ಕದಡಿ. ಬಾಣಲೆ ಚೆನ್ನಾಗಿ ಕಾಯಲಿ, ಎಣ್ಣೆ ಸ್ವಲ್ಪ ಜಾಸ್ತಿಯೇ ಇರಲಿ. ಮೊಟ್ಟೆ ಸುರಿದು, ಇನ್ನೂ ಮೆತ್ತಗಿರುವಾಗಲೇ ತೆಗೆದಿಡಿ. ಇದನ್ನು ಮಾತ್ರ ಬಿಡಬೇಡಿ. ಟೊಮ್ಯಾಟೊ ಜೊತೆಗೇ ಬೇಯಲು ಬಿಟ್ಟರೆ ಮೊಟ್ಟೆ ಗಟ್ಟಿಯಾಗುತ್ತದೆ. ಅದೇ ಬಾಣಲೆಯಲ್ಲಿ ಟೊಮ್ಯಾಟೊ ರಸ ಬಿಡುವ ತನಕ ಬೇಯಿಸಿ. ಉಪ್ಪು, ಒಂದು ಸಣ್ಣ ಚಮಚ ಸಕ್ಕರೆ ಹಾಕಿ. ಸಕ್ಕರೆ ಇಲ್ಲಿ ಹುಳಿ ಮುರಿಯಲು. ಮೊಟ್ಟೆ ಮತ್ತೆ ಸೇರಿಸಿ, ಈರುಳ್ಳಿ ಸೊಪ್ಪು ಉದುರಿಸಿ ಇಳಿಸಿ. ಮಸಾಲೆ ಬೇಡ, ಸೋಯಾ ಸಾಸ್ ಕೂಡ ಬೇಕಿಲ್ಲ. ಆ ರಸವನ್ನು ಬಿಸಿ ಅನ್ನಕ್ಕೆ ಕಲಸಿ ತಿನ್ನಿ, ಅಷ್ಟು ರುಚಿ!

ಮೊಟ್ಟೆ ತಿನ್ನದವರಿಗೆ ಆಲೂಗಡ್ಡೆ ಇದೆಯಲ್ವಾ? ಕಡ್ಡಿಯಷ್ಟು ಸಣ್ಣಗೆ ಹೆಚ್ಚಿ, ನೀರು ತಿಳಿಯಾಗುವ ತನಕ ತೊಳೆಯಿರಿ. ಒಣಮೆಣಸಿನಕಾಯಿ, ಬೆಳ್ಳುಳ್ಳಿ ಜೊತೆ ದೊಡ್ಡ ಉರಿಯಲ್ಲಿ 2-3 ನಿಮಿಷ ಬಾಡಿಸಿ, ಕೊನೆಗೆ ವಿನೆಗರ್ ಹಾಕಿ. ಮೆತ್ತಗಾಗಲು ಬಿಡಬೇಡಿ, ಕಚ್ಚಿದರೆ ಗರಿಗರಿ ಅನ್ನಬೇಕು.