ಅಂಗನವಾಡಿಯಲ್ಲಿ ಬರೀ ಆಟ ಆಡಿಸುತ್ತಾರೆ, ಮೂರು ವರ್ಷದ ಮಗೂನ ಕಾನ್ವೆಂಟಿಗೆ ಹಾಕಲಾ?

ನಾನೂ ಹೀಗೇ ಯೋಚಿಸಿದ್ದೆ. ಬೆಂಗಳೂರಿನ ಲಗ್ಗೆರೆಯಲ್ಲಿ ನಮ್ಮ ವಠಾರದ ಪಕ್ಕದ ಬೀದಿಯಲ್ಲೇ ಅಂಗನವಾಡಿ ಇತ್ತು. ಗಾರ್ಮೆಂಟ್ಸ್‌ಗೆ ಹೊರಡುವಾಗ ಮಗಳನ್ನು ಅಲ್ಲಿ ಬಿಡುತ್ತಿದ್ದೆ. ಸಂಜೆ ಬಂದು ಕೇಳುತ್ತಿದ್ದದ್ದು ಒಂದೇ ಮಾತು: ‘ಇವತ್ತು ಏನು ಬರೆಸಿದ್ರು?’ ಅವಳು ‘ಕಾಳು ಆರಿಸಿದ್ವಿ, ಮೊಟ್ಟೆ ಕೊಟ್ರು’ ಅನ್ನುತ್ತಿದ್ದಳು. ಪಕ್ಕದ ಮನೆ ಹುಡುಗ ಆಗಲೇ ಎಬಿಸಿಡಿ ಬರೆಯುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಚೀಟಿ ಎತ್ತಿ ಡೊನೇಷನ್ ಕಟ್ಟಿ, ನಾಲ್ಕು ತುಂಬುವ ಮೊದಲೇ ಒಂದು ಕಾನ್ವೆಂಟಿಗೆ ಹಾಕಿದೆ.

ಟೈ, ಶೂ, ನಾಲ್ಕು ಗೆರೆ ಕಾಪಿ, ದಿನಾ ಹೋಂವರ್ಕ್. ಅವಳ ಬೆರಳಿಗೆ ಇನ್ನೂ ಬಲವೇ ಇರಲಿಲ್ಲ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಒತ್ತುತ್ತಿದ್ದಳು, ಹಾಳೆ ಹರಿಯುತ್ತಿತ್ತು, ನಾನು ತಲೆಗೆ ಮೊಟಕುತ್ತಿದ್ದೆ. ಆಮೇಲಾಮೇಲೆ ಪೆನ್ಸಿಲನ್ನು ಅಕ್ಕಿ ಡಬ್ಬದೊಳಗೆ ಬಚ್ಚಿಡಲು ಶುರು ಮಾಡಿದಳು. ಎರಡನೇ ಕ್ಲಾಸಿಗೆ ಬಂದರೂ ಬರೆಯುವುದೆಂದರೆ ಅಳು.

ಎಲ್ಲಿ ಎಡವಿದೆ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಕೇಳಿದವರೆಲ್ಲ ಇದನ್ನು ಫೀಸಿನ ವಿಷಯ ಅಂದುಕೊಳ್ಳುತ್ತಾರೆ. ಬರೆದಿದ್ದು ಕಣ್ಣಿಗೆ ಕಾಣುತ್ತೆ. ಹಾಗಾಗಿ ಬರೆದರೆ ಮಾತ್ರ ಕಲಿತ ಹಾಗೆ ಅಂತ ನಂಬಿದ್ದೆ. ಅಂಗನವಾಡಿಯೊಳಗೆ ಒಂದು ದಿನವೂ ಹೋಗಿ ಕೂತವಳಲ್ಲ, ಬಾಗಿಲಲ್ಲೇ ಬಿಟ್ಟು ಓಡುತ್ತಿದ್ದೆ. ಮಗನ ಹೊತ್ತಿಗೆ ಕೆಲಸ ಬಿಟ್ಟಿದ್ದೆ, ಆಗ ಹೋಗಿ ಕೂತೆ. ಟೀಚರ್ ಒಂದು ತಟ್ಟೆಯಲ್ಲಿ ಕಡಲೆಕಾಳು, ಹುರುಳಿ, ಅವರೆಕಾಳು ಬೆರೆಸಿಟ್ಟಿದ್ದರು. ಮಕ್ಕಳು ಹೆಬ್ಬೆರಳು, ತೋರುಬೆರಳಲ್ಲಿ ಒಂದೊಂದೇ ಎತ್ತಿ ಬೇರೆ ಮಾಡುತ್ತಿದ್ದರು. ಒಬ್ಬಳು ಪಕ್ಕದವನಿಗೆ ‘ಇದು ಗುಂಡು, ಇದು ಚಪ್ಪಟೆ’ ಅಂತ ಪಾಠ ಮಾಡುತ್ತಿದ್ದಳು. ಪೆನ್ಸಿಲ್ ಹಿಡಿಯುವ ಬೆರಳು ತಯಾರಾಗುವುದು ಅಲ್ಲೇ. ಎಣಿಸುವುದು, ಮಾತು ಕಲಿಯುವುದು, ತನ್ನ ಸರದಿಗೆ ಕಾಯುವುದು, ಎಲ್ಲ ಅದೇ ತಟ್ಟೆಯ ಸುತ್ತ ನಡೆಯುತ್ತಿತ್ತು. ಅದನ್ನೇ ಮಗಳ ಕೈಯಿಂದ ಕಿತ್ತುಕೊಂಡು, ಅದರ ಬದಲು ಕಾಪಿ ಕೊಟ್ಟಿದ್ದೆ, ದುಡ್ಡು ಬೇರೆ ಕಟ್ಟಿ.

ಹಾಗಾಗಿ ಅಂಗನವಾಡಿನಾ ಕಾನ್ವೆಂಟಾ ಅನ್ನೋ ಲೆಕ್ಕವನ್ನೇ ನಾನು ಒಪ್ಪಲ್ಲ. ಮೂರು ವರ್ಷಕ್ಕೆ ಬರೆಸುವ ಯಾವ ಜಾಗವೂ ಬೇಡ. ಸುಮ್ನೆ ಕೂಡಿ ಹಾಕಿ ಊಟ ಕೊಟ್ಟು ಕಳಿಸುವ ಅಂಗನವಾಡಿಯೂ ಬೇಡ. ಅಂಥವೂ ಇವೆ, ಸುಳ್ಳು ಹೇಳಲ್ಲ. ಅಂಗನವಾಡಿಗಳು ನಡೆಯುವುದೇ ಐಸಿಡಿಎಸ್ ಅನ್ನೋ ಸರ್ಕಾರಿ ಯೋಜನೆಯಲ್ಲಿ. 1975ರ ಅಕ್ಟೋಬರ್ 2ರಂದು ಅದು ಶುರುವಾದಾಗಿಂದ ಅದರ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ನಾವು ಮಾತ್ರ ಹಾಲು, ಮೊಟ್ಟೆ, ಲಸಿಕೆ ಅಷ್ಟೇ ಕೇಳಿ ಪಡೆದೆವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ನಮ್ಮ ರಾಜ್ಯಕ್ಕೆ ಬೇಕಾ ಬೇಡವಾ ಅನ್ನೋ ಜಗಳ ಪಕ್ಕಕ್ಕಿರಲಿ, 3ರಿಂದ 8 ವರ್ಷದ ತನಕ ಒಂದೇ ಹಂತ, ಆಟದ ಮೂಲಕವೇ ಕಲಿಸಿ ಅಂತ ಅದರಲ್ಲೂ ಇದೆ. 2024ರಲ್ಲಿ ಬೆಂಗಳೂರಿನ ಕೆಲವು ಅಂಗನವಾಡಿಗಳಿಗೆ ಸರ್ಕಾರಿ ಮಾಂಟೆಸ್ಸರಿ ಅಂತ ಎಲ್‌ಕೆಜಿ, ಯುಕೆಜಿ ಬಂದಿವೆ. ಅಲ್ಲೂ ಬೋರ್ಡ್ ನೋಡಿ ಸೇರಿಸಬೇಡಿ.

ಒಂದು ಬೆಳಿಗ್ಗೆ ರಜೆ ಹಾಕಿ ಹೋಗಿ ಕೂತು ನೋಡಿ. ಈ ವಾರ ಮಕ್ಕಳಿಗೆ ಯಾವ ವಿಷಯ ನಡೆಯುತ್ತಿದೆ ಅಂತ ಟೀಚರನ್ನ ಕೇಳಿ, ಅಂಗನವಾಡಿಯಲ್ಲಿ ಕಲಿಸುವುದಕ್ಕೆ ಅಂತಲೇ ಇರುವ ‘ಚಿಲಿಪಿಲಿ’ ಪುಸ್ತಕ ತೋರಿಸಿ ಅನ್ನಿ. ತಾಯಂದಿರೂ ಇರುವ ಅಂಗನವಾಡಿಯ ಬಾಲವಿಕಾಸ ಸಮಿತಿಗೆ ಸೇರಿಕೊಳ್ಳಿ. ನಮ್ಮಲ್ಲಿ ಆಟದ ಸಾಮಾನೆಲ್ಲ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರು, ಮುರಿದರೆ ಯಾರು ಲೆಕ್ಕ ಕೊಡೋದು ಅಂತ. ‘ಮುರಿದರೆ ನಾವು ಜವಾಬ್ದಾರಿ’ ಅಂತ ತಾಯಂದಿರೆಲ್ಲ ಸಭೆಯಲ್ಲಿ ಸಹಿ ಹಾಕಿದ ಮೇಲೇ ಬೀಗ ತೆಗೆದದ್ದು.